ಪಾತಾಳಕ್ಕೆ ಇಳಿದರೂ ಅದೇ ಕಾಡು: ನಮ್ಮ ಆಟಕ್ಕೆ ಬೇರೆ ಲೋಕ, ಬೇರೆ ಜೀವಿ ಕಟ್ಟುವುದು ಹೇಗೆ?

ಪಗಡೆಹಾಸು

ಎಲ್ಲರಿಗೂ ನಮಸ್ಕಾರ. ಮೈಸೂರಿನಲ್ಲಿ ನಾವು ಐದು ಮಂದಿ ಎರಡು ವರ್ಷದಿಂದ ಭಾನುವಾರ ಮಧ್ಯಾಹ್ನ ಡಂಜನ್ಸ್ ಅಂಡ್ ಡ್ರಾಗನ್ಸ್ ಆಡುತ್ತಿದ್ದೇವೆ, ಮೇಜಿನ ಸುತ್ತ ಕೂತು ಒಬ್ಬೊಬ್ಬರು ಒಂದೊಂದು ಪಾತ್ರವಾಗಿ, ದಾಳ ಎಸೆದು ಕಥೆ ಮುಂದುವರಿಸುವ ಆಟ. ಕಥೆ ಹೇಳುತ್ತಾ ಆಟ ನಡೆಸುವ ಡಿಎಂ (ಡಂಜನ್ ಮಾಸ್ಟರ್) ನಾನು. ಆಡುವವರು ನನ್ನ ತಂಗಿ, ಭಾವ, ಇಬ್ಬರು ಕಾಲೇಜಿನ ಗೆಳೆಯರು. ಮಾತೆಲ್ಲ ಕನ್ನಡದಲ್ಲೇ ನಡೆಯುತ್ತದೆ, ಲೋಕ ಮಾತ್ರ ಎರವಲಿನದು. ಹಿಮ ಬೀಳುವ ಊರು, ಓಕ್ ಮರ, ಬಿಯರ್ ಮಾರುವ ಛತ್ರ. ನಮ್ಮಲ್ಲಿ ಒಬ್ಬರೂ ಓಕ್ ಮರ ನೋಡಿದವರಲ್ಲ.

ಈ ಸಲ ನಮ್ಮದೇ ಲೋಕ ಮಾಡೋಣವೆಂದು ಹೊರಟೆ. ಪುರಾಣದಲ್ಲಿ ಭೂಮಿಯ ಕೆಳಗಿರುವ ಏಳು ಲೋಕಗಳು: ಅತಲ, ವಿತಲ, ಸುತಲ, ತಲಾತಲ, ಮಹಾತಲ, ರಸಾತಲ, ಪಾತಾಳ. ಏಳಕ್ಕೂ ಒಬ್ಬೊಬ್ಬ ರಾಜ, ಒಂದೊಂದು ಬಣ್ಣ, ಒಂದೊಂದು ಸೇನೆ ಎಂದು ಹನ್ನೊಂದು ಪುಟ ಬರೆದೆ. ಕಳೆದ ವಾರ ಅತಲಕ್ಕೆ ಇಳಿಸಿದೆ. ನಲವತ್ತು ನಿಮಿಷದಲ್ಲಿ ದಾಟಿಬಿಟ್ಟರು. ಕಾವಲುಗಾರರು ಅಡ್ಡ ಬಂದರು, ಇವರು ಹೊಡೆದರು, ಪೆಟ್ಟಿಗೆ ಒಡೆದರು, ಮುಂದೆ ನಡೆದರು. ಕೊನೆಗೆ ಭಾವ ಕೇಳಿದರು: "ಇದು ಹೋದ ತಿಂಗಳ ಕಾಡೇ ಅಲ್ಲವೇ? ಬರೀ ನೀಲಿ ಬಣ್ಣ ಬಳಿದಿದ್ದೀಯ."

ಕೇಳಿ ಬೇಜಾರಾಯಿತು, ಆದರೆ ಅವರು ಹೇಳಿದ್ದು ನಿಜ. ಲೋಕ ಬೇರೆ ಎಂದು ಅನ್ನಿಸಬೇಕಾದರೆ ಏನು ಮಾಡಬೇಕು? ಅಲ್ಲಿನ ಜೀವಿಗಳನ್ನು ಎಲ್ಲಿಂದ ತರಬೇಕು?

ಇಪ್ಪತ್ತು ಮುಖ

ಹನ್ನೊಂದು ಪುಟ ಓದದೆಯೇ ಹೇಳುತ್ತೇನೆ: ನೀವು ಲೋಕ ಕಟ್ಟಿಲ್ಲ, ಕೋಷ್ಟಕ ತುಂಬಿದ್ದೀರಿ. ನಿಮ್ಮನ್ನು ದೂರುವುದೂ ಸರಿಯಲ್ಲ, ಇದು ಈ ಆಟದ ಹುಟ್ಟುಗುಣ. 1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಅವರ ಆಟ ಹೊರಬಂದ ಕೆಲವೇ ವರ್ಷಗಳಲ್ಲಿ ಹೊರಲೋಕಗಳ ನಕ್ಷೆ ತಯಾರಾಗಿತ್ತು. ಒಳಿತು ಕೆಡುಕು ಒಂದು ಗೆರೆ, ಶಿಸ್ತು ಸ್ವೇಚ್ಛೆ ಇನ್ನೊಂದು ಗೆರೆ. ಇವೆರಡನ್ನೂ ಹದ ಬದಲಿಸಿ ಬೆರೆಸಿ ಚಕ್ರದ ಅಂಚಿನಲ್ಲಿ 16 ಲೋಕಗಳನ್ನು ಕೂರಿಸಿದರು. ಕೆಲವು ಅದ್ಭುತವಾಗಿವೆ. ಕೆಲವನ್ನು ನೋಡಿದರೆ ಮನೆ ಖಾಲಿ ಇತ್ತು, ಬಾಡಿಗೆಗೆ ಯಾರನ್ನೋ ತಂದು ಕೂರಿಸಿದರು ಎಂದು ಗೊತ್ತಾಗುತ್ತದೆ.

ಅದೇ ಚಕ್ರದ ನಡುವೆ ಸಿಗಿಲ್ ಎಂಬ ಊರಿದೆ. ಅದು ಆಟಕ್ಕೆ ಬಂದದ್ದು 1994ರಲ್ಲಿ. ಬಳೆಯ ಒಳಮೈಗೆ ಅಂಟಿಕೊಂಡ ಊರದು. ಕತ್ತೆತ್ತಿದರೆ ಕಾಣುವುದು ಆಕಾಶವಲ್ಲ, ಎದುರು ಓಣಿಯ ಮಾಡುಗಳು. ಅಲ್ಲಿನ ಯಾವ ಕಮಾನು, ಯಾವ ಬಾಗಿಲು, ಯಾವ ಕಿಟಕಿ ಬೇಕಾದರೂ ಬೇರೆ ಲೋಕದ ದಾರಿಯಾಗಿರಬಹುದು, ಸರಿಯಾದ ಕೀಲಿ ಕೈಯಲ್ಲಿದ್ದರೆ. ಕೀಲಿ ಒಂದು ವಸ್ತುವೇ ಆಗಬೇಕೆಂದಿಲ್ಲ, ಒಂದು ರಾಗ ಅಥವಾ ಒಂದು ಯೋಚನೆಯೂ ಆಗಬಹುದು. ಆ ಊರಿಗೆ ಹೋದ ಆಟಗಾರ ಪ್ರತಿ ಹೊಸ್ತಿಲಿನಲ್ಲೂ ಒಂದು ಕ್ಷಣ ನಿಲ್ಲುತ್ತಾನೆ. ಇಷ್ಟು ಸಾಕು, ಲೋಕ ಬೇರೆಯಾಯಿತು.

ಒಂದು ಲೋಕಕ್ಕೆ ಒಂದೇ ಕಟ್ಟಳೆ ಇರಲಿ. ಆದರೆ ಅದು ಆಟಗಾರನ ಕೈಗೋ ಬಾಯಿಗೋ ತಾಗಬೇಕು, ಕಣ್ಣಿಗೆ ಮಾತ್ರ ತಾಗಿದರೆ ಅದು ಬಣ್ಣ.

ಓಲೆಗರಿ

ಪಗಡೆಹಾಸು ಅವರೇ, ನೀವು ಏಳು ಹೆಸರುಗಳನ್ನು ತೆಗೆದುಕೊಂಡು ಒಳಗಿದ್ದ ಸರಕನ್ನು ಅಲ್ಲೇ ಬಿಟ್ಟು ಬಂದಿದ್ದೀರಿ. ಪಾತಾಳವೆಂದರೆ ನರಕ ಎಂದುಕೊಂಡಂತಿದೆ. ಭಾಗವತದ ಐದನೆಯ ಸ್ಕಂಧ ಈ ಏಳಕ್ಕೂ ಬಿಲಸ್ವರ್ಗ ಎನ್ನುತ್ತದೆ, ಅಂದರೆ ಬಿಲದೊಳಗಿನ ಸ್ವರ್ಗ. ವಿಷ್ಣುಪುರಾಣದಲ್ಲಂತೂ ನಾರದ ಅಲ್ಲಿಗೆ ಹೋಗಿ ಬಂದು, ಸ್ವರ್ಗದ ಸಭೆಯಲ್ಲೇ ನಿಂತು, ಪಾತಾಳ ಇಲ್ಲಿಗಿಂತ ಚೆನ್ನಾಗಿದೆ ಎಂದು ಹೇಳುತ್ತಾನೆ. ಇಂದ್ರನ ಮುಖ ಹೇಗಾಗಿರಬೇಡ!

ನಿಮಗೆ ಬೇಕಾದ ಕಟ್ಟಳೆಯೂ ಅಲ್ಲಿಯೇ ಇದೆ. ಬಿಲಸ್ವರ್ಗಕ್ಕೆ ಸೂರ್ಯನ ಬೆಳಕು ಇಳಿಯುವುದಿಲ್ಲ, ಹಾವುಗಳ ಹೆಡೆಯ ಮೇಲಿನ ಮಣಿಗಳೇ ಬೆಳಕು. ಹೀಗಾಗಿ ಹಗಲು, ರಾತ್ರಿ ಎಂಬ ಕಾಲವಿಭಾಗವೇ ಅಲ್ಲಿಲ್ಲ. ಅದರಿಂದ ಹುಟ್ಟುವ ಭಯವೂ ಇಲ್ಲ. ನೆರೆಗೂದಲಿಲ್ಲ, ಸುಕ್ಕಿಲ್ಲ, ರೋಗವಿಲ್ಲ. ಮಣಿ ಹೊಳೆಯುತ್ತದೆ ಎಂದು ವರ್ಣಿಸಿ ಮುಗಿಸಬೇಡಿ. ರಾತ್ರಿಯೇ ಬಾರದ ಊರಿನಲ್ಲಿ ಏನೇನು ನಿಂತುಹೋಗುತ್ತದೆ ಎಂದು ಯೋಚಿಸಿ.

ಇಪ್ಪತ್ತು ಮುಖ

ಓಲೆಗರಿ ಸರ್, ನಿಮಗೆ ಗೊತ್ತಿಲ್ಲದೆಯೇ ಈ ಆಟದ ಕುತ್ತಿಗೆಗೆ ಕೈ ಹಾಕಿದ್ದೀರಿ. ಐದನೆಯ ಆವೃತ್ತಿಯ ನಿಯಮದಲ್ಲಿ ಮಂತ್ರವಾದಿಗೆ ಖರ್ಚಾದ ಶಕ್ತಿ ಮರಳಬೇಕಾದರೆ 8 ಗಂಟೆಯ ದೀರ್ಘ ವಿಶ್ರಾಂತಿ ಬೇಕು, ಅದೂ 24 ಗಂಟೆಗೆ ಒಂದೇ ಸಲ. ಹಗಲು ರಾತ್ರಿಯೇ ಇಲ್ಲದ ಕಡೆ 24 ಗಂಟೆಯನ್ನು ಎಲ್ಲಿಂದ ಎಣಿಸುವುದು? ಬಿಲಸ್ವರ್ಗದಲ್ಲಿ ದೀರ್ಘ ವಿಶ್ರಾಂತಿ ಇಲ್ಲ ಎಂದುಬಿಡಿ. ಯಾರೂ ಸಾಯುವಷ್ಟು ಪೆಟ್ಟಿಲ್ಲ, ಊಟ ಚೆನ್ನಾಗಿದೆ, ಎಲ್ಲರೂ ನಗುತ್ತಾರೆ, ಖರ್ಚಾದ ಮಂತ್ರ ಮಾತ್ರ ವಾಪಸು ಬರುವುದಿಲ್ಲ. ಇಂಥ ಸ್ವರ್ಗದಿಂದ ಆಟಗಾರರು ತಾವಾಗಿಯೇ ಓಡಿಹೋಗಲು ದಾರಿ ಹುಡುಕುತ್ತಾರೆ.

ಬಸದಿಬೀದಿ

ನರಕವೇ ಬೇಕಿದ್ದರೆ ನಮ್ಮ ಜೈನರ ಕಡೆ ಬನ್ನಿ. ಚಿಕ್ಕಂದಿನಲ್ಲಿ ಪಾಠಶಾಲೆಯಲ್ಲಿ ಬಾಯಿಪಾಠ ಮಾಡಿಸಿದ ಏಳು ಭೂಮಿಗಳು ಇವು: ರತ್ನಪ್ರಭಾ, ಶರ್ಕರಾಪ್ರಭಾ, ವಾಲುಕಾಪ್ರಭಾ, ಪಂಕಪ್ರಭಾ, ಧೂಮಪ್ರಭಾ, ತಮಃಪ್ರಭಾ, ಮಹಾತಮಃಪ್ರಭಾ. ಮಗ್ಗಿಯಂತೆ ಒಪ್ಪಿಸುತ್ತಿದ್ದೆವು. ದೊಡ್ಡವಳಾದ ಮೇಲೆ ಒಂದು ದಿನ ಅರ್ಥ ತಲೆಗೆ ಹೋಗಿ ಮೈ ಜುಮ್ಮೆಂದಿತು. ಕಾಲ ಕೆಳಗೆ ಮೊದಲು ರತ್ನ, ಆಮೇಲೆ ಜಲ್ಲಿ, ಆಮೇಲೆ ಮರಳು, ಆಮೇಲೆ ಕೆಸರು. ಐದನೆಯದರಲ್ಲಿ ಕಾಲಿಗೆ ಸಿಗುವುದು ಹೊಗೆ. ಆರನೆಯದು ಕತ್ತಲೆ, ಏಳನೆಯದು ಕತ್ತಲೆಗಿಂತ ದೊಡ್ಡ ಕತ್ತಲೆ. ಇಳಿಯುತ್ತಾ ಹೋದಂತೆ ಹೆಜ್ಜೆ ಇಡಲು ಇರುವ ವಸ್ತುವೇ ಕರಗುತ್ತಾ ಹೋಗುತ್ತದೆ. ಮೇಲಿನವು ಸುಡುತ್ತವೆ, ತೀರಾ ಕೆಳಗಿನವು ಕೊರೆಯುತ್ತವೆ. ರಾಜರ ಪಟ್ಟಿ, ಬಣ್ಣದ ಪಟ್ಟಿ ಯಾವುದೂ ಬೇಡ, ಪಾದಕ್ಕೆ ಏನು ತಾಗುತ್ತದೆ ಎಂಬುದನ್ನು ಮಾತ್ರ ಹೇಳಿ.

ಶರ್ಕರಾ ಎಂದರೆ ಇಲ್ಲಿ ಸಕ್ಕರೆಯಲ್ಲ, ಜಲ್ಲಿಕಲ್ಲು. ನಮ್ಮ ಪಾಠಶಾಲೆಯಲ್ಲಿ ಅರ್ಧ ಮಕ್ಕಳು ಎರಡನೆಯ ನರಕಕ್ಕೆ ಹೋಗಲು ತಯಾರಾಗಿದ್ದರು.

ಪಗಡೆಹಾಸು

ಹನ್ನೊಂದು ಪುಟಗಳಲ್ಲಿ ಒಂಬತ್ತನ್ನು ಹರಿದೆ. ರಾತ್ರಿ ಇಲ್ಲ ಎಂಬ ಒಂದೇ ಸಾಲನ್ನು ಉಳಿಸಿಕೊಂಡೆ. ಇನ್ನು ಜೀವಿಗಳ ವಿಚಾರ. ನನ್ನ ಬಳಿ ಈಗ ಇರುವುದು ಆನೆಯ ಸೊಂಡಿಲು, ಹುಲಿಯ ಮೈ, ಚೇಳಿನ ಬಾಲದ ಒಂದು ಪ್ರಾಣಿ. ತಂಗಿ ನೋಡಿ ನಕ್ಕಳು.

ಹಳೇಬೀಡಿನ ಬಿಸಿಲು

ನಗುವುದೇನೂ ಬೇಡ. ಹಳೇಬೀಡಿನ ಗೋಡೆಯ ಮೇಲಿನ ಮಕರವನ್ನು ನೋಡಿ. ಆನೆಯ ಸೊಂಡಿಲು, ಮೊಸಳೆಯ ಬಾಯಿ, ಸಿಂಹದ ಕಾಲು, ನವಿಲಿನ ಬಾಲ. ಇನ್ನೂ ಏನೇನು ಸೇರಿದೆ ಎಂದು ಗೈಡುಗಳು ಒಬ್ಬೊಬ್ಬರು ಒಂದೊಂದು ಲೆಕ್ಕ ಕೊಡುತ್ತಾರೆ. ಹನ್ನೆರಡನೆಯ ಶತಮಾನದ ಶಿಲ್ಪಿಗಳು ಅದನ್ನು ಸಾಲುಸಾಲಾಗಿ ಕೆತ್ತಿದ್ದಾರೆ, ಯಾರೂ ನಗುವುದಿಲ್ಲ.

ಇಪ್ಪತ್ತು ಮುಖ

ಮಕರ ಗೋಡೆಯ ಮೇಲಿದೆ, ಅದು ಊಟ ಮಾಡಬೇಕಾಗಿಲ್ಲ. ಆಟದೊಳಗಿನ ಜೀವಿ ಮಾಡಬೇಕು. ನಾಲ್ಕು ಪ್ರಾಣಿ ಅಂಟಿಸುವುದು ಸುಲಭ. ಅದು ಬೆಳಗ್ಗೆ ಎದ್ದು ಏನು ಮಾಡುತ್ತದೆ, ಯಾವುದಕ್ಕೆ ಹೆದರುತ್ತದೆ, ಕೆಲಸವಿಲ್ಲದಾಗ ಎಲ್ಲಿ ಕೂರುತ್ತದೆ?

ಈ ಆಟದಲ್ಲಿ ಕಬ್ಬಿಣಕ್ಕೆ ತುಕ್ಕು ಹಿಡಿಸಿ ತಿನ್ನುವ ಒಂದು ಪ್ರಾಣಿ ಇದೆ. ಅದು ಹುಟ್ಟಿದ್ದು ಹಾಂಗ್‌ಕಾಂಗ್‌ನಲ್ಲಿ ತಯಾರಾದ ಅಗ್ಗದ ಪ್ಲಾಸ್ಟಿಕ್ ಆಟಿಕೆಯಿಂದ. ಗೈಗ್ಯಾಕ್ಸ್ ಅಂಗಡಿಯಲ್ಲಿ ಕೊಂಡ ಪೊಟ್ಟಣದಲ್ಲಿ ಯಾವ ಜಾತಿಗೂ ಸೇರದ ವಿಚಿತ್ರ ಬೊಂಬೆಗಳಿದ್ದವು. ಗೂಬೆಕರಡಿಯೂ ಅದೇ ಸಂಸಾರದ್ದು. ತುಕ್ಕಿನ ಪ್ರಾಣಿ ನೋಡಲು ಹಾಸ್ಯಾಸ್ಪದವಾಗಿದೆ, ಬಾಲದ ತುದಿಯಲ್ಲಿ ಫ್ಯಾನಿನ ರೆಕ್ಕೆಯಂಥದ್ದೇನೋ ಇದೆ. ಆದರೂ ಅದನ್ನು ಕಂಡರೆ ಹತ್ತನೆಯ ಹಂತದ ವೀರನೂ ಕತ್ತಿ ಬಿಸಾಡಿ ಓಡುತ್ತಾನೆ. ಜೀವಕ್ಕೆ ಅಪಾಯವಿಲ್ಲ, ವರ್ಷಗಟ್ಟಲೆ ಕೂಡಿಟ್ಟು ಕೊಂಡ ಕವಚಕ್ಕೆ ಅಪಾಯ.

ಮ್ಯೂನಿಕ್ ಮಳೆ

ಇಲ್ಲಿ ಜರ್ಮನ್ ಗೆಳೆಯರ ಜೊತೆ ಆಡುತ್ತೇನೆ. ಒಮ್ಮೆ ರಾಕ್ಷಸ ಬಂತು. ಡಿಎಂ ನನ್ನ ಕಡೆ ಗೌರವದಿಂದ ನೋಡಿದರು, ನಿಮ್ಮ ಊರಿನವನು ಎಂಬಂತೆ. ನೋಡಿದರೆ ಹುಲಿಯ ತಲೆ, ರೇಷ್ಮೆಯ ನಿಲುವಂಗಿ, ಅಂಗೈ ಹಿಮ್ಮುಖ! ನಮ್ಮಜ್ಜಿಯ ಯಾವ ಕಥೆಯಲ್ಲೂ ಇಂಥವನಿರಲಿಲ್ಲ. ಆಮೇಲೆ ಹುಡುಕಿದೆ. ಈ ರಾಕ್ಷಸ 1975ರಲ್ಲಿ ಆಟಕ್ಕೆ ಸೇರಿದ್ದು ರಾಮಾಯಣದಿಂದಲ್ಲ, ಅಮೆರಿಕದ ಒಂದು ಟಿವಿ ಧಾರಾವಾಹಿಯ ಕಂತಿನಿಂದ. ಮಂತ್ರಿಸಿದ ಬಾಣ ತಗುಲಿದರೆ ಸಾಯುತ್ತಾನೆ ಎಂಬುದೂ ಅಲ್ಲಿಂದಲೇ ಬಂದದ್ದು.

ಅಜ್ಜಿಯ ರಾಕ್ಷಸನ ಪ್ರಾಣ ಅವನ ಮೈಯಲ್ಲಿ ಇರುತ್ತಿರಲಿಲ್ಲ. ಏಳು ಸಮುದ್ರದಾಚೆ, ಏಳು ಸುತ್ತಿನ ಕೋಟೆಯೊಳಗೆ, ಪಂಜರದ ಗಿಳಿಯ ಕುತ್ತಿಗೆಯಲ್ಲಿ ಇರುತ್ತಿತ್ತು. ಅವನನ್ನು ಎದುರಿಗೆ ನಿಂತು ಎಷ್ಟು ಕಡಿದರೂ ಹಿಟ್ ಪಾಯಿಂಟ್ (ಆಟದಲ್ಲಿ ಜೀವ ಎಷ್ಟು ಉಳಿದಿದೆ ಎಂಬ ಲೆಕ್ಕ) ಕಡಿಮೆಯಾಗುವುದಿಲ್ಲ, ಏಕೆಂದರೆ ಅದನ್ನು ಮನೆಯಲ್ಲಿ ಬಿಟ್ಟು ಬಂದಿದ್ದಾನೆ. ಇದಕ್ಕಿಂತ ಒಳ್ಳೆಯ ಆಟದ ನಿಯಮವನ್ನು ನಾನಂತೂ ಕಂಡಿಲ್ಲ.

ತೆರೆಮರೆ

ಪುತ್ತೂರಿನ ಕಡೆಯವನು. ಜೀವಿ ಹೇಗಿದೆ ಎಂಬುದಕ್ಕಿಂತ ಅದು ಹೇಗೆ ಬರುತ್ತದೆ ಎಂಬುದು ಮುಖ್ಯ ಎಂದು ನನ್ನ ಅನಿಸಿಕೆ. ನಮ್ಮ ತೆಂಕುತಿಟ್ಟಿನ ಯಕ್ಷಗಾನದಲ್ಲಿ ಬಣ್ಣದ ವೇಷವನ್ನು, ಅಂದರೆ ರಾಕ್ಷಸನ ವೇಷವನ್ನು, ನೋಡಿ. ಮುಖಕ್ಕೆ ಅಕ್ಕಿಹಿಟ್ಟು, ಸುಣ್ಣ ಕಲಸಿ ಮುಳ್ಳುಮುಳ್ಳಾಗಿ ಚಿಟ್ಟಿ ಇಡಲು ಗಂಟೆಗಟ್ಟಲೆ ಹಿಡಿಯುತ್ತದೆ. ಇಷ್ಟು ಕಷ್ಟಪಟ್ಟ ಮುಖವನ್ನು ಒಮ್ಮೆಲೇ ತೋರಿಸುತ್ತಾರೆಯೇ? ಇಲ್ಲ. ಮೊದಲು ಇಬ್ಬರು ತೆರೆ ಹಿಡಿಯುತ್ತಾರೆ. ಹಿಂದಿನಿಂದ ಅಬ್ಬರ ಕೇಳಿಸುತ್ತದೆ. ತೆರೆಯ ಮೇಲಂಚಿನಲ್ಲಿ ಕಿರೀಟದ ತುದಿ ಆಡುತ್ತದೆ. ಆಮೇಲೆ ಬೆರಳುಗಳು ಬಟ್ಟೆಯನ್ನು ಹಿಡಿಯುತ್ತವೆ.

ನಾನು ಆರು ವರ್ಷದವನಿದ್ದಾಗ ದೇವಿಮಹಾತ್ಮೆಯ ಆಟಕ್ಕೆ ಕರೆದುಕೊಂಡು ಹೋಗಿದ್ದರು. ನಡುರಾತ್ರಿ ದಾಟಿತ್ತು, ನನಗೆ ತೂಕಡಿಕೆ. ಮಹಿಷಾಸುರ ರಂಗದ ಮೇಲೆ ಬರುತ್ತಾನೆಂದು ಎದುರು ನೋಡುತ್ತಿದ್ದರೆ ಅವನು ಬಂದದ್ದು ನಮ್ಮ ಬೆನ್ನ ಹಿಂದಿನಿಂದ, ಗದ್ದೆಯ ಕಡೆಯಿಂದ, ದೊಂದಿಗೆ ರಾಳ ಎರಚಿಸಿಕೊಂಡು. ಮುಖ ನೆನಪಿಲ್ಲ. ರಾಳದ ವಾಸನೆ ಈಗಲೂ ನೆನಪಿದೆ. ನೀವೂ ಮೂರು ವಾರ ವಾಸನೆ ಮಾತ್ರ ತೋರಿಸಿ, ಸೊಂಡಿಲು ನಾಲ್ಕನೆಯ ವಾರಕ್ಕೆ ಇರಲಿ.

ಕವಣೆಕಲ್ಲು

ಕರಾವಳಿಯವರು ಬಂದಿದ್ದೀರಿ, ಒಂದು ಪ್ರಶ್ನೆ. ನಿಮ್ಮ ದೈವಗಳಲ್ಲಿ ಪಂಜುರ್ಲಿಗೆ ಎಷ್ಟು ಹಿಟ್ ಪಾಯಿಂಟ್ ಕೊಡಬಹುದು? ಗುಳಿಗನನ್ನು ಕೊನೆಯ ಶತ್ರು ಮಾಡಿದರೆ ಹೇಗೆ?

ತೆರೆಮರೆ

ಬೇಡ. ಕೋಪದಿಂದ ಹೇಳುತ್ತಿಲ್ಲ. ನಮ್ಮ ಮನೆಯಲ್ಲಿ ಜಾಗದ ತಕರಾರು ಬಂದಾಗ ದೈವದ ಎದುರು ನಿಂತು ಕೇಳಿದ್ದೇವೆ, ನುಡಿ ಪಡೆದಿದ್ದೇವೆ. ಅದು ನಮಗೆ ಕಥೆಯೊಳಗಿನ ಪಾತ್ರವಲ್ಲ, ಮನೆಯ ಹಿರಿಯರ ಹಾಗೆ. ನಿಮ್ಮ ಅಜ್ಜನಿಗೆ ಎಷ್ಟು ಹಿಟ್ ಪಾಯಿಂಟ್ ಎಂದು ನಾನು ಕೇಳಿದರೆ ಹೇಗಿರುತ್ತದೆ?

ಕವಣೆಕಲ್ಲು

ಕ್ಷಮಿಸಿ, ಆ ದೃಷ್ಟಿಯಿಂದ ನೋಡಿರಲಿಲ್ಲ. ಆದರೆ ಹಾಗೆ ನೋಡಿದರೆ ಸುತಲದ ಬಲಿಯನ್ನೂ ಮುಟ್ಟುವಂತಿಲ್ಲ. ದೀಪಾವಳಿಗೆ ಬಲೀಂದ್ರನನ್ನು ಕೂಗಿ ಕರೆಯುವವರು ನೀವೇ ಅಲ್ಲವೇ?

ತೆರೆಮರೆ

ಕರೆಯುತ್ತೇವೆ. ಪ್ರಶ್ನೆ ಸರಿಯಾಗಿದೆ, ಉತ್ತರ ನನ್ನ ಬಳಿ ಪೂರ್ತಿ ಇಲ್ಲ. ಬಲಿ ಊರಿನಲ್ಲಿದ್ದಾನೆ ಎಂದರೆ ನನಗೆ ತೊಂದರೆಯಿಲ್ಲ, ಅವನನ್ನು ಕೊಂದರೆ ಚಿನ್ನದ ನಾಣ್ಯ ಉದುರುತ್ತವೆ ಎಂದರೆ ತೊಂದರೆ.

ಓಲೆಗರಿ

ಬಲಿಯನ್ನು ಕೊಲ್ಲುವ ಮಾತು ಹಾಗಿರಲಿ, ಅವನ ಬಾಗಿಲು ದಾಟುವುದೇ ಕಷ್ಟ. ಸುತಲದ ಬಾಗಿಲು ಕಾಯುವವನು ವಿಷ್ಣು. ದಿಗ್ವಿಜಯಕ್ಕೆಂದು ಬಂದ ರಾವಣನನ್ನು ಕಾಲಿನ ಹೆಬ್ಬೆರಳಿನಲ್ಲಿ ಚಿಮ್ಮಿ ಯೋಜನಗಟ್ಟಲೆ ದೂರ ಎಸೆದ ಪ್ರಸಂಗವೂ ಭಾಗವತದಲ್ಲಿದೆ. ಕಾವಲಿನವನ ಜೊತೆ ಜಗಳವಾಡುವ ಆಟಗಾರರಿಗೆ ಈ ಒಂದು ಸಾಲನ್ನು ಮೊದಲೇ ಓದಿ ಹೇಳಿ.

ಗಣಿತದ ಮೇಷ್ಟ್ರು

ನನ್ನ ಮಟ್ಟಿಗೆ ನಮ್ಮ ಕಾಲದ ಅತಿ ಚೊಕ್ಕ ಜೀವಿ ‘ನಾಳೆ ಬಾ’. ತೊಂಬತ್ತರ ದಶಕದಲ್ಲಿ ಬೆಂಗಳೂರಿನ ನಮ್ಮ ಬಡಾವಣೆಯಲ್ಲಿ ಬಾಗಿಲು ಬಾಗಿಲಿಗೂ ಸೀಮೆಸುಣ್ಣದಲ್ಲಿ ಬರೆದಿದ್ದರು. ರಾತ್ರಿ ದೆವ್ವ ಬಂದು ಗೊತ್ತಿದ್ದವರ ದನಿಯಲ್ಲಿ ಕರೆಯುತ್ತದೆ. ಬಾಗಿಲ ಮೇಲಿನ ‘ನಾಳೆ ಬಾ’ ಓದುತ್ತದೆ. ಸರಿ ಎಂದು ಹೋಗುತ್ತದೆ. ಮರುದಿನ ಬಂದು ಮತ್ತೆ ಓದುತ್ತದೆ. ಅದರ ಹಲ್ಲು, ಉಗುರು, ಕೂದಲು ಹೇಗಿದ್ದವೆಂದು ಯಾರೂ ವಿವರಿಸಲಿಲ್ಲ. ಅದಕ್ಕೆ ಓದಲು ಬರುತ್ತದೆ, ಹೇಳಿದ ಮಾತು ಕೇಳುತ್ತದೆ, ನೆನಪು ಮಾತ್ರ ಇಲ್ಲ. ಇಷ್ಟಕ್ಕೇ ಇಡೀ ಬಡಾವಣೆ ಸೀಮೆಸುಣ್ಣ ಹಿಡಿಯಿತು. ಊರಿನವರ ಪರಿಹಾರವನ್ನು ಮೊದಲು ಬರೆಯಿರಿ, ಜೀವಿ ತಾನಾಗಿಯೇ ಹುಟ್ಟುತ್ತದೆ.

ಬಸದಿಬೀದಿ

ಮೇಷ್ಟ್ರೇ, ಬಿಲಸ್ವರ್ಗದ ಬಾಗಿಲಿಗೆ ‘ನಾಳೆ ಬಾ’ ಎಂದು ಬರೆದರೆ ಏನಾಗುತ್ತದೆ? ಅಲ್ಲಿ ನಾಳೆಯೇ ಇಲ್ಲವಲ್ಲ!

ಗಣಿತದ ಮೇಷ್ಟ್ರು

ದೆವ್ವ ಬಾಗಿಲಲ್ಲೇ ನಿಂತಿರುತ್ತದೆ. ಹೋಗುವುದಿಲ್ಲ, ಒಳಗೂ ಬರುವುದಿಲ್ಲ. ಪಾಪ. ಇದನ್ನು ಖಂಡಿತ ಬಳಸಿ.

ಇನ್ನೊಂದು ಸಲಹೆ. ಕೆಳಗಿಳಿದ ಕೂಡಲೇ ದಾಳ ಬದಲಾಯಿಸಿ. ಇಪ್ಪತ್ತು ಮುಖದ ದಾಳದಲ್ಲಿ ಪ್ರತಿ ಸಂಖ್ಯೆಗೂ ಸಮಾನ ಅವಕಾಶ, 20ರಲ್ಲಿ 1. ಚೌಕಾಬಾರದ ನಾಲ್ಕು ಕವಡೆಗಳಲ್ಲಿ ಹಾಗಲ್ಲ. ಬಾಯಿ ಮೇಲಾದವನ್ನು ಎಣಿಸುತ್ತೇವೆ, ನಾಲ್ಕೂ ಮೇಲಾದರೆ ಚೌಕ, ನಾಲ್ಕೂ ಬೋರಲಾದರೆ ಬಾರ, ಅಂದರೆ 8. ಎರಡೂ ಕಡೆ ಸಮನಾಗಿ ಬೀಳುತ್ತವೆ ಎಂದುಕೊಂಡರೆ 16ರಲ್ಲಿ 6 ಸಲ ಎರಡು, 4 ಸಲ ಒಂದು, 4 ಸಲ ಮೂರು, ಒಮ್ಮೆ ಚೌಕ, ಒಮ್ಮೆ ಬಾರ. ಸೊನ್ನೆ ಇಲ್ಲ, 5, 6, 7 ಇಲ್ಲ. ಹೆಚ್ಚು ಸಲ ಸಪ್ಪೆ, ಅಪರೂಪಕ್ಕೆ ಸಿಡಿಲು. ನಿಜವಾದ ಕವಡೆ ಎರಡೂ ಕಡೆ ಸಮನಾಗಿ ಬೀಳುವುದಿಲ್ಲ ಎಂದು ಯಾರಾದರೂ ಹೇಳುವ ಮೊದಲೇ ಹೇಳುತ್ತೇನೆ: ಬೀಳುವುದಿಲ್ಲ. ನಿಮ್ಮ ಮನೆಯ ಕವಡೆಯನ್ನು ನೂರು ಸಲ ಎಸೆದು ಬರೆದಿಟ್ಟುಕೊಳ್ಳಿ, ಅದೇ ನಿಮ್ಮ ಪಾತಾಳದ ಪಂಚಾಂಗ.

ಪಗಡೆಹಾಸು

ಭಾನುವಾರದ ವರದಿ. ಉದ್ದವಾಗುತ್ತದೆ, ಸಹಿಸಿಕೊಳ್ಳಿ.

ಆಟಿಕೆಯ ಕಥೆ ಕೇಳಿ ಅಟ್ಟದಿಂದ ದಸರಾ ಗೊಂಬೆಯ ಪೆಟ್ಟಿಗೆ ಇಳಿಸಿದೆ. ಪಟ್ಟದ ಗೊಂಬೆ ಮುಟ್ಟಬೇಡ ಎಂದರು ಅಮ್ಮ. ಸಿಕ್ಕಿದ್ದು ಶೆಟ್ಟರ ಗೊಂಬೆ. ಮಣ್ಣಿನದು, ಅಜ್ಜಿಯ ಕಾಲದ್ದು. ಹೊಟ್ಟೆಯ ಮೇಲೆ ಬಣ್ಣ ಎದ್ದು ಕೆಮ್ಮಣ್ಣು ಕಾಣುತ್ತದೆ, ಒಂದು ಕಣ್ಣಿನ ಕಪ್ಪು ಅಳಿಸಿಹೋಗಿದೆ. ಎದುರಿಗೆ ಅಕ್ಕಿ, ಬೇಳೆ, ಬೆಲ್ಲ ಇಡುವ ಬೆರಳಗಲದ ಬಟ್ಟಲುಗಳು. ಅದನ್ನು ಮೇಜಿನ ಮೇಲೆ ಕೂರಿಸಿ, ಬಟ್ಟಲುಗಳನ್ನು ಖಾಲಿ ಬಿಟ್ಟೆ.

ಆಟಗಾರರು ಬಿಲಸ್ವರ್ಗದಲ್ಲಿ ಎಷ್ಟು ಹೊತ್ತು ತಿರುಗಿದರೋ ಲೆಕ್ಕವಿಲ್ಲ. ಮಂತ್ರಗಳು ಮುಗಿದಿದ್ದವು, ಮಲಗಲು ರಾತ್ರಿಯಿಲ್ಲ. ಆಗ ಶೆಟ್ಟರ ಅಂಗಡಿ ಎದುರಾಯಿತು. ಇಲ್ಲಿ ಕತ್ತಲೆ ಸಿಗುತ್ತದೆ ಎಂದೆ, ಪಾವು, ಅಚ್ಚೇರು, ಸೇರಿನ ಲೆಕ್ಕದಲ್ಲಿ. ಒಂದು ಸೇರು ಕತ್ತಲೆ ಮುಸುಕೆಳೆದುಕೊಂಡರೆ ನಾಲ್ವರಿಗೆ ಎಂಟು ಗಂಟೆಯ ನಿದ್ದೆ. ಬೆಲೆ: ಒಂದು ಪದ. ಮಾರಿದ ಮೇಲೆ ಆ ಪದವನ್ನು ಮೇಜಿನ ಬಳಿ ನೀವು ಆಡುವಂತಿಲ್ಲ. ಆಡಿದರೆ ಒಂದೊಂದು ಸಲಕ್ಕೂ ಒಂದು ಹಿಟ್ ಪಾಯಿಂಟ್.

ಭಾವ ಜಾಣತನ ತೋರಿಸಿ ‘ಕಂದಾಯ’ ಕೊಡುತ್ತೇನೆ ಎಂದರು. ಚೀಟಿ ಬರೆದು ಬಟ್ಟಲಿಗೆ ಹಾಕಿದೆ, ತಕ್ಕಡಿ ಅಲುಗಲಿಲ್ಲ ಎಂದೆ. ದಿನವೂ ಬಳಸದ ಪದಕ್ಕೆ ತೂಕವಿಲ್ಲ. ‘ಊಟ’ ಕೊಟ್ಟರೆ ಒಂದು ಪಾವು. ತಂಗಿ ಸ್ವಲ್ಪ ಯೋಚಿಸಿ ‘ಇಲ್ಲ’ ಕೊಡುತ್ತೇನೆ ಎಂದಳು, ಎರಡಕ್ಷರ ತಾನೇ ಎಂದು. ತಕ್ಕಡಿ ನೆಲಕ್ಕೆ ಬಡಿಯಿತು. ಒಂದು ಸೇರು ಕತ್ತಲೆ ಸಿಕ್ಕಿತು, ಎಲ್ಲರೂ ಮಲಗಿದರು.

ಎದ್ದ ಮೇಲೆ ಗೊತ್ತಾಯಿತು. ‘ಗೊತ್ತಿಲ್ಲ’ ಎನ್ನುವಂತಿಲ್ಲ. ‘ನೋಡಲಿಲ್ಲ’, ‘ಬರುವುದಿಲ್ಲ’, ‘ಆಗುತ್ತಿಲ್ಲ’, ಯಾವುದೂ ಇಲ್ಲ. ಕನ್ನಡದಲ್ಲಿ ಇಷ್ಟು ಕ್ರಿಯಾಪದಗಳ ಬಾಲಕ್ಕೆ ‘ಇಲ್ಲ’ ಅಂಟಿಕೊಂಡಿದೆಯೆಂದು ಅವಳಿಗೂ ಹೊಳೆದಿರಲಿಲ್ಲ, ನನಗೂ ಹೊಳೆದಿರಲಿಲ್ಲ. ಅರ್ಧ ಗಂಟೆಯಲ್ಲಿ ಒಂಬತ್ತು ಹಿಟ್ ಪಾಯಿಂಟ್ ಹೋಯಿತು, ಒಂದು ಕತ್ತಿಯೂ ಒರೆಯಿಂದ ಹೊರಬರದೆ.

ಸುತಲದ ಬಾಗಿಲು. ಕಾವಲಿನವನು ಕೇಳಿದ: "ಈ ಕತ್ತಲೆಯನ್ನು ಕದ್ದು ತಂದೆಯಾ?" ತಂಗಿ ಬಾಯಿ ತೆರೆದಳು, ಮುಚ್ಚಿದಳು. ‘ಕದ್ದಿಲ್ಲ’ ಎನ್ನುವಂತಿಲ್ಲ. ಮೇಜಿನ ಸುತ್ತ ಮೌನ. ಒಂದು ನಿಮಿಷವಾದರೂ ಕಳೆದಿರಬೇಕು. ಆಮೇಲೆ ನಿಧಾನವಾಗಿ ಹೇಳಿದಳು: "ಕದ್ದವಳು ನಾನಲ್ಲ."

ಗೆಳೆಯರು ಚಪ್ಪಾಳೆ ತಟ್ಟಿದರು. ‘ಇಲ್ಲ’ ಮಾರಿದ್ದಳು, ‘ಅಲ್ಲ’ ಅವಳ ಬಳಿಯೇ ಇತ್ತು! ನನಗೆ ಸೋಲಲು ಮನಸ್ಸಾಗಲಿಲ್ಲ. ಕಾವಲಿನವನ ದನಿಯಲ್ಲೇ ಕೇಳಿದೆ: "ಹಾಗಾದರೆ ಕದ್ದವರು ಯಾರು?"

ಮೂವರೂ ಭಾವನ ಕಡೆ ತಿರುಗಿದರು.

ಮ್ಯೂನಿಕ್ ಮಳೆ

ಇದನ್ನು ನನ್ನ ಜರ್ಮನ್ ಗೆಳೆಯರಿಗೆ ವಿವರಿಸಲು ಹೋಗಿ ಸೋತೆ. ಇಲ್ಲ, ಅಲ್ಲ ಎರಡರ ವ್ಯತ್ಯಾಸ ಹೇಳುವುದರಲ್ಲೇ ಕಾಫಿ ಆರಿತು.

ಓಲೆಗರಿ

ಪಗಡೆಹಾಸು ಅವರೇ, ನಿಮ್ಮ ಶೆಟ್ಟರಿಗೆ ಒಂದು ಗುಟ್ಟು ತಿಳಿಸಿ. ಹಳಗನ್ನಡದವರಿಗೆ ‘ಇಲ್ಲ’ ಮಾರಿದರೂ ಅಷ್ಟೇನೂ ನಷ್ಟವಾಗುತ್ತಿರಲಿಲ್ಲ. ಅರಿಯೆ, ಬಾರೆ, ಕಾಣೆ, ಒಲ್ಲೆ. ನಿಷೇಧ ಕ್ರಿಯಾಪದದ ಒಳಗೇ ಇತ್ತು. ‘ಕದಿಯೆ’ ಎಂದಿದ್ದರೆ ಮುಗಿಯುತ್ತಿತ್ತು.

ಇನ್ನೂ ಸ್ವಾರಸ್ಯವೆಂದರೆ ಆ ರೂಪಕ್ಕೆ ಕಾಲವಿಲ್ಲ. ‘ಕದಿಯೆ’ ಎಂದರೆ ಕದ್ದಿಲ್ಲ, ಕದಿಯುತ್ತಿಲ್ಲ, ಕದಿಯುವುದಿಲ್ಲ, ಮೂರೂ ಹೌದು. ನಿನ್ನೆ, ನಾಳೆ ಇಲ್ಲದ ಬಿಲಸ್ವರ್ಗದವರು ಬೇರೆ ಹೇಗೆ ಮಾತಾಡಿಯಾರು? ಅಲ್ಲಿನ ಜೀವಿಗಳ ಬಾಯಿಗೆ ಈ ರೂಪವನ್ನೇ ಕೊಡಿ. ಕೊಂಬು, ಬಾಲ ಬಿಡಿಸುವ ಕೆಲಸ ಉಳಿಯುತ್ತದೆ.

ಹುಬ್ಬಳ್ಳಿ ರೊಟ್ಟಿ

ಹಳಗನ್ನಡ ಎಂದು ಸುಮ್ಮನೆ ಹೆದರಿಸಬೇಡಿರಿ. ‘ಒಲ್ಲೆ’ ಎಂದು ನಮ್ಮ ಮನೆಯಲ್ಲಿ ಎರಡನೆಯ ರೊಟ್ಟಿ ಬಡಿಸುವಾಗ ಈಗಲೂ ಹೇಳುತ್ತೇವೆ, ಆದರೂ ಬಡಿಸುತ್ತಾರೆ. ನಮ್ಮ ಕಡೆಯವರನ್ನು ಆಟಕ್ಕೆ ಕರೆಯಿರಿ, ನಿಮ್ಮ ಶೆಟ್ಟರ ಅಂಗಡಿ ದಿವಾಳಿ ಎಬ್ಬಿಸುತ್ತೇವೆ.

ಇಪ್ಪತ್ತು ಮುಖ

ತಕರಾರು ಒಂದಿದೆ. ತಂಗಿಯವರು ಚುರುಕು, ಗೆದ್ದರು. ಮಾತು ಕಡಿಮೆ ಆಡುವ ಆಟಗಾರ ಇದ್ದರೆ ಈ ಲೋಕ ಅವನಿಗೆ ಶಿಕ್ಷೆ. ಅವನ ಪಾತ್ರ ಮಹಾ ವಾಗ್ಮಿ ಆಗಿರಬಹುದು, ಅವನು ಅಲ್ಲವಲ್ಲ. ಅಂಥವನಿಗೆ ಕವಡೆ ಎಸೆಯಲು ಬಿಡಿ, ಬಾರ ಬಿದ್ದರೆ ಪದ ತಪ್ಪಿ ಬಂದರೂ ಮಾಫಿ.

ಪಗಡೆಹಾಸು

ಒಪ್ಪಿದೆ. ಗೆಳೆಯರಲ್ಲಿ ಒಬ್ಬ ನಿಜಕ್ಕೂ ಹಾಗೆಯೇ, ಇಡೀ ಮಧ್ಯಾಹ್ನ ನಾಲ್ಕು ಮಾತು ಆಡಿದ್ದಾನೆ. ಅವನಿಗೆ ಕವಡೆ.

ಈ ಭಾನುವಾರ ತಂಗಿ ‘ಇಲ್ಲ’ ಬಿಡಿಸಿಕೊಳ್ಳಲು ಶೆಟ್ಟರ ಅಂಗಡಿಗೆ ಬರುತ್ತಾಳೆ. ಅಸಲು ಕತ್ತಲೆ ಖರ್ಚಾಗಿದೆ, ಬದಲಿಗೆ ಬೇರೆ ಪದ ಒತ್ತೆ ಇಡಬೇಕು. ಯಾವುದು ಕೇಳಲಿ? ‘ನಾನು’ ಎಂದುಕೊಂಡೆ, ಅದು ತೀರಾ ಸಲೀಸು. ನಮ್ಮ ಕ್ರಿಯಾಪದದಲ್ಲೇ ‘ಬಂದೆ’, ‘ಹೋದೆ’ ಎಂದು ನಾನು ಕೂತಿರುತ್ತೇನೆ.

ಬಸದಿಬೀದಿ

‘ಹೂಂ’ ಕೇಳಿ. ನಮ್ಮಜ್ಜಿ ಕಥೆ ಹೇಳುವಾಗ ಹೂಂಗುಟ್ಟದಿದ್ದರೆ ಅಲ್ಲಿಗೇ ನಿಲ್ಲಿಸಿ ಗೋಡೆಯ ಕಡೆ ತಿರುಗಿ ಮಲಗಿಬಿಡುತ್ತಿದ್ದಳು. ಶೆಟ್ಟರೂ ಹಾಗೆಯೇ ಮಾಡಲಿ.

ಪಗಡೆಹಾಸು

ಹೂಂ.